ನಮಗ್ಯಾಕೆ ಮೊದಲೇ ಹೇಳಲಿಲ್ಲ?

ಸ್ವಲ್ಪ ಕಾಲ ನಾನು ಒಬ್ಬ ಹೆಸರುವಾಸಿ ನಟರ ಸೋಷಿಯಲ್ ಮೀಡಿಯಾ ಖಾತೆ ನೋಡಿಕೊಳ್ಳುತ್ತಿದ್ದೆ. ಯಾರು ಅನ್ನೋದು ಬೇಡ. ಪೋಸ್ಟ್ ಹಾಕುವುದು, ಕಾಮೆಂಟಿನಲ್ಲಿ ಹೊಲಸು ಬೈಗುಳ ಕಂಡರೆ ತೆಗೆಯುವುದು, ಬಂದ ಮೆಸೇಜ್ ಓದಿ ವಿಂಗಡಿಸುವುದು, ಇಷ್ಟೇ ಕೆಲಸ. ಅವರ ಮದುವೆ ಗೊತ್ತಾದ ಸುದ್ದಿ ಹೊರಬಿದ್ದ ದಿನ ಇನ್‌ಬಾಕ್ಸ್ ಮುಂದೆ ಕೂತವಳು ರಾತ್ರಿಯಾದರೂ ಏಳಲಿಲ್ಲ.

ಖುಷಿಪಟ್ಟವರೇ ಜಾಸ್ತಿ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಬೇರೆ ಥರದ ಮೆಸೇಜ್. "ನಮಗ್ಯಾಕೆ ಮೊದಲೇ ಹೇಳಲಿಲ್ಲ?" ಒಬ್ಬರಲ್ಲ, ಇಬ್ಬರಲ್ಲ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಹೆಚ್ಚುಕಡಿಮೆ ಇದೇ ಮಾತು ಬರೆದಿದ್ದರು. ಅದು ಕೋಪ ಅಲ್ಲ, ಹೊಟ್ಟೆಕಿಚ್ಚೂ ಅಲ್ಲ. ಹತ್ತಿರದ ನೆಂಟರ ಮನೆ ಮದುವೆ ಸುದ್ದಿ ಯಾರೋ ಮೂರನೆಯವರ ಬಾಯಿಂದ ತಿಳಿದಾಗ ಒಂದು ಬೇಜಾರು ಆಗುತ್ತಲ್ಲ, ಅದು.

ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಜೋರಾಗಿ ನಕ್ಕ. "ಇವರಿಗೆ ಯಾಕೆ ಹೇಳಬೇಕಂತೆ? ಇವರು ಯಾರಂತೆ?"

ನನಗೆ ನಗು ಬರಲಿಲ್ಲ. ನಾವು ಹಾಕಿದ ಪೋಸ್ಟಿನ ಮೊದಲ ಸಾಲೇ "ಎಲ್ಲರಿಗಿಂತ ಮೊದಲು ನಿಮಗೇ ಹೇಳಬೇಕು ಅನ್ನಿಸಿತು" ಅಂತಿತ್ತು. ಅದನ್ನು ಬರೆದದ್ದು ನಟರಲ್ಲ, ನಮ್ಮ ತಂಡ. ಅಷ್ಟರಲ್ಲಿ ಸುದ್ದಿ ಹೇಗೋ ಸೋರಿ ಬೆಳಗ್ಗೆಯೇ ಟೀವಿಯಲ್ಲಿ ಬಂದುಬಿಟ್ಟಿತ್ತು. ಮೊದಲು ನಿಮಗೇ ಅಂತ ನಾವೇ ಹೇಳಿದ ಮೇಲೆ ಯಾಕೆ ಹೇಳಲಿಲ್ಲ ಅಂತ ಅವರು ಕೇಳಿದರೆ ತಪ್ಪೇನು? ನಮ್ಮಲ್ಲಿ ಇದಕ್ಕೆಲ್ಲ ಒಂದು ಲೆಕ್ಕಾಚಾರವೇ ಇತ್ತು. "ಅಭಿಮಾನಿಗಳೇ" ಅಂತ ಗುಂಪನ್ನು ಕರೆಯಬಾರದು, ಒಬ್ಬರ ಜೊತೆ ಮಾತಾಡಿದ ಹಾಗಿರಬೇಕು. ವಿಡಿಯೋದಲ್ಲಿ ಕಣ್ಣು ನೇರ ಲೆನ್ಸಿನ ಮೇಲಿರಬೇಕು. ಮೇಕಪ್ ಮಾಡಿ ತೆಗೆದ ಫೋಟೋಗಿಂತ ಈಗಷ್ಟೇ ನಿದ್ದೆಯಿಂದ ಎದ್ದ ಮುಖದ ಫೋಟೋಗೆ ಜನ ಜಾಸ್ತಿ ಕರಗುತ್ತಾರೆ. ಹೀಗೆಲ್ಲ ಮಾಡಿ ಹತ್ತಿರ ಕರೆಯುವವರು ನಾವು. ಹತ್ತಿರ ಬಂದರೆ ಹುಚ್ಚರು ಅನ್ನುವವರೂ ನಾವೇ.

ಇದೇನೂ ಫೋನ್ ಬಂದ ಮೇಲೆ ಶುರುವಾದದ್ದಲ್ಲ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನುವವರು 1956ರಲ್ಲೇ ಇದರ ಬಗ್ಗೆ, ಅಂದರೆ ನಮ್ಮ ಗುರುತೇ ಇಲ್ಲದ ತಾರೆಯ ಜೊತೆ ನಮಗಷ್ಟೇ ಅನ್ನಿಸುವ ಒಮ್ಮುಖದ ನಂಟಿನ ಬಗ್ಗೆ, ಲೇಖನ ಬರೆದು 'ಪ್ಯಾರಾಸೋಷಿಯಲ್' ಅಂತ ಹೆಸರಿಟ್ಟರು. ಆಗ ಇದ್ದದ್ದು ರೇಡಿಯೋ, ಸಿನಿಮಾ, ಹೊಸದಾಗಿ ಬಂದ ಟೀವಿ. ಅವರು ಒಂದು ಅಮೆರಿಕನ್ ರೇಡಿಯೋ ಕಾರ್ಯಕ್ರಮದ ಕಥೆ ಹೇಳುತ್ತಾರೆ. ಒಬ್ಬ ಹೆಂಗಸಿನ ದನಿ. ನಿಜವಾದ ಹೆಸರು ಹೇಳುವುದಿಲ್ಲ. ನಾನೂ ಒಂಟಿ ಅನ್ನುತ್ತಾ, ಕೇಳುವವನು ಒಬ್ಬನೇ ಇದ್ದಾನೆ ಅನ್ನುವ ಹಾಗೆ, ಪ್ರೀತಿಯಿಂದ ಮಾತಾಡುತ್ತಾಳೆ. ಗಂಡಸರ ಕಾಗದಗಳು ರಾಶಿ ಬಿದ್ದವಂತೆ. ನಮ್ಮ ಲೆಕ್ಕಾಚಾರ ಅವಳಿಗೆ ಆಗಲೇ ಗೊತ್ತಿತ್ತು, ಅಲ್ವಾ?

ಆ ದಿನ ಬಂದದ್ದರಲ್ಲಿ ಒಂದು ಮೆಸೇಜನ್ನು ನಾನು ಮತ್ತೆ ಮತ್ತೆ ಓದಿದೆ. ಆಕೆ ಹೆಚ್ಚುಕಡಿಮೆ ದಿನಾ ರಾತ್ರಿ ಬರೆಯುತ್ತಿದ್ದರು. ಕೆಲಸದಲ್ಲಿ ಏನಾಯಿತು, ಯಾರು ಏನಂದರು, ಇಂಥದ್ದೇ. ನಮ್ಮ ಕಡೆಯಿಂದ ಯಾವತ್ತೂ ಉತ್ತರ ಹೋಗಿರಲಿಲ್ಲ, ಹೋಗಲೂ ಬಾರದು ಅಂತ ನಿಯಮ. ಅವತ್ತು ಎಂದಿನಂತೆ ತಮ್ಮ ದಿನದ ಕಥೆ ಹೇಳಿ, ಒಳ್ಳೆಯದಾಗಲಿ ಅಂತ ಹಾರೈಸಿ, ಕೊನೆಯಲ್ಲಿ "ನೀವು ಇದನ್ನು ಓದಲ್ಲ ಅಂತ ಗೊತ್ತು, ಅದಕ್ಕೇ ಇಷ್ಟು ಆರಾಮಾಗಿ ಬರೆಯೋಕಾಗುತ್ತೆ" ಅಂತ ಸೇರಿಸಿದ್ದರು. ಇಂಥವರಿಗೆ ವಾಸ್ತವ ಗೊತ್ತಿಲ್ಲ, ಪಾಪ, ಅಂತ ನಾವು ಅಂದುಕೊಳ್ಳುತ್ತೇವೆ. ಗೊತ್ತಿರುತ್ತದೆ, ಚೆನ್ನಾಗಿಯೇ ಗೊತ್ತಿರುತ್ತದೆ. ಉತ್ತರ ಕೊಡದ ಮನುಷ್ಯ, ನೀವು ಬೇಡ ಅಂತ ಇವರನ್ನು ದೂರ ತಳ್ಳುವುದೂ ಇಲ್ಲ, ಅಷ್ಟೇ. 2008ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಒಂದು ಅಧ್ಯಯನದಲ್ಲಿ, ತಮ್ಮ ಬಗ್ಗೆ ತಮಗೇ ಅಷ್ಟು ಭರವಸೆ ಇಲ್ಲದವರು ಮೆಚ್ಚಿನ ತಾರೆಯ ಬಗ್ಗೆ ಯೋಚಿಸಿದಾಗ, ತಾವು ಆಗಬೇಕು ಅಂದುಕೊಂಡ ವ್ಯಕ್ತಿಗೆ ಸ್ವಲ್ಪ ಹತ್ತಿರವಾದಂತೆ ಭಾವಿಸಿದ್ದು ಕಂಡುಬಂದಿತ್ತು. ಎದುರಿಗೆ ನಿಜವಾದ ಮನುಷ್ಯ ಇದ್ದರೆ ತಿರಸ್ಕಾರದ ಭಯ ಇರುತ್ತದೆ. ಇಲ್ಲಿ ಅದಿಲ್ಲ.

ಎಲ್ಲರೂ ಹೀಗೆ ಮೆತ್ತಗೆ ಇರುತ್ತಾರೆ ಅಂತಲ್ಲ. ಸಂಜೆ ಹೊತ್ತಿಗೆ ಆ ಹುಡುಗಿಯನ್ನು, ಅಂದರೆ ಮದುವೆಯಾಗಲಿರುವವರನ್ನು, ಬೈದು ಬೆದರಿಸುವ ಮೆಸೇಜ್‌ಗಳು ಶುರುವಾದವು. ಅವನ್ನು ಬೇರೆ ಮಾಡಿ ವಕೀಲರಿಗೆ ಕಳಿಸಿದೆವು. ಇಂಥ ಅಭಿಮಾನವನ್ನು ಅಳೆಯಲು ಮನಶ್ಶಾಸ್ತ್ರಜ್ಞರ ಹತ್ತಿರ ಒಂದು ಪ್ರಶ್ನೆಪಟ್ಟಿ ಇದೆ, ಮೆಕ್ಕಚ್ಚನ್ ಮತ್ತು ಜೊತೆಗಾರರು ಮಾಡಿದ್ದು, 2002ರಲ್ಲಿ ಪ್ರಕಟವಾದದ್ದು. ಅದರಲ್ಲಿ ಮೂರು ಮಟ್ಟ. ತಾರೆಯರ ಸುದ್ದಿಯನ್ನು ಗೆಳೆಯರ ಜೊತೆ ಮಾತಾಡಿ ಖುಷಿಪಡುವುದು ಮೊದಲನೆಯದು. ನನ್ನ ಅವರ ನಡುವೆ ಏನೋ ವಿಶೇಷ ನಂಟಿದೆ ಅನ್ನಿಸುವುದು ಎರಡನೆಯದು. ಮೂರನೆಯದು ಕಾಯಿಲೆಯ ಅಂಚು. ಅವರು ಕೇಳಿದರೆ ಕಾನೂನುಬಾಹಿರ ಕೆಲಸ ಮಾಡುತ್ತೀರಾ, ಅವರು ಬಳಸಿ ಬಿಟ್ಟ ಪೇಪರ್ ಪ್ಲೇಟಿಗೆ ದೊಡ್ಡ ಮೊತ್ತ ಕೊಡುತ್ತೀರಾ, ಇಂಥ ಪ್ರಶ್ನೆಗಳು ಆ ಪಟ್ಟಿಯಲ್ಲಿವೆ. ಓದಿದರೆ ನಗು ಬರುತ್ತದೆ. ಹೌದು ಅನ್ನುವವರ ಮೆಸೇಜ್ ಒಂದರ ಹಿಂದೆ ಒಂದು ಬರುತ್ತಿದ್ದರೆ ಬರುವುದಿಲ್ಲ.

ನನಗೆ ಇವತ್ತಿಗೂ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಈ ಎರಡು ಥರದವರನ್ನೂ ಒಂದೇ ಬುಟ್ಟಿಗೆ ಹಾಕಿ "ಫ್ಯಾನ್ಸ್ ಅಂದ್ರೆ ಹಿಂಗೇ" ಅಂತ ಕೈತೊಳೆದುಕೊಳ್ಳುವುದು. ಬೆದರಿಕೆ ಹಾಕುವವನಿಗೆ ಪೊಲೀಸರು ಇದ್ದಾರೆ. ದಿನಾ ರಾತ್ರಿ ಕಥೆ ಹೇಳುವ ಹೆಂಗಸು ಯಾರಿಗೆ ಏನು ಕಷ್ಟ ಕೊಟ್ಟಳು?

ರಾತ್ರಿ ಹೊರಡುವಾಗ ಇದನ್ನೇ ಸಹೋದ್ಯೋಗಿಗೆ ಹೇಳಿದೆ. ಒಪ್ಪಲಿಲ್ಲ. "ಗುರುತು ಪರಿಚಯ ಇಲ್ಲದವರ ಮದುವೆಗೆ ಯಾರಾದ್ರೂ ಬೇಜಾರು ಮಾಡ್ಕೋತಾರಾ?" ಅಂದ. ಇದೇ ಮಹಾಶಯ, ತನ್ನ ಮೆಚ್ಚಿನ ಫುಟ್‌ಬಾಲ್ ಆಟಗಾರ ಕ್ಲಬ್ ಬದಲಿಸಿದಾಗ ಇಡೀ ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. "ನಮಗೆ ಮೋಸ ಮಾಡಿಬಿಟ್ಟ" ಅಂತ ಓಡಾಡುತ್ತಿದ್ದ. ನೆನಪಿಸಿದೆ.

"ಅದು ಬೇರೆ ಕಣೇ," ಅಂದ. "ಅದು ಫುಟ್‌ಬಾಲ್."