ಮುಡಿಪುವಿನ ಸಂತರ ಪೂರ್ತಿ ಕಥೆ ಹೇಳುವುದು ಹೇಗೆ

ಮಂಗಳೂರು ಬಳಿಯ ಮುಡಿಪು ಗುಡ್ಡೆಗೆ ಹರಕೆ ಹೊತ್ತು ಹೋಗುವ ನಮಗೆ, ಹದಿನೇಳನೇ ಶತಮಾನದ ಗೋವಾದ ಗುರು ಸಂತ ಜೋಸೆಫ್ ವಾಜರ ಪವಾಡಗಳು ಬಾಯಿಪಾಠ. ಆದರೆ ಅವರ ಕಾಲದ ಗೋವಾದಲ್ಲಿ ಯುರೋಪಿನ ಸನ್ಯಾಸ ಸಭೆಗಳು ಊರಿನವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ ಎಂಬ ಮಾತು ನೊವೆನಾದ (ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ) ಪ್ರವಚನಗಳಲ್ಲಿ ಬರುವುದು ಅಪರೂಪ. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿ ಹಿಂದಿರುಗಿದ ವಾಜರು ಗೋವಾದ ಗುರುಗಳೇ ಕಟ್ಟಿಕೊಂಡ ಒರೆಟರಿ ಸಭೆ ಸೇರಿದ್ದು ಈ ಹಿನ್ನೆಲೆಯಲ್ಲಿ. ಆ ಸಭೆಯೋ, ಬ್ರಾಹ್ಮಣ ಮೂಲದವರನ್ನು ಮಾತ್ರ ಸೇರಿಸಿಕೊಳ್ಳುತ್ತಿತ್ತು. ಕ್ಷತ್ರಿಯ ಮೂಲದವರೆನ್ನುವ ಚಾರೊಡಿಗಳು ಗೋವಾದ ಚಿಂಬೆಲ್‌ನಲ್ಲಿ ಬೇರೆಯೇ ಸಭೆ ಮಾಡಿಕೊಂಡರು. ಬಣ್ಣದ ಕಾರಣಕ್ಕೆ ಹೊರಗೆ ನಿಂತವರು ಜಾತಿಯ ಕಾರಣಕ್ಕೆ ಇತರರನ್ನು ಹೊರಗೆ ನಿಲ್ಲಿಸಿದರು. ಕರಾವಳಿಯ ಕಥೋಲಿಕರಿಗೆ ಕಷ್ಟದ ಭಾಗ ಇದೇ.

ಧರ್ಮಕೇಂದ್ರದಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವವರು ಒಂದೂವರೆ ಗಂಟೆಯ ಮೂರು ಕೂಟ ಇಟ್ಟುಕೊಳ್ಳಿ. ಹತ್ತು, ಹನ್ನೆರಡು ಜನ ಸಾಕು. ಹೆಚ್ಚಾದರೆ ಮಾತಾಡುವವರೇ ಮಾತಾಡುತ್ತಾರೆ, ನೋವು ಉಂಡವರು ಸುಮ್ಮನಾಗುತ್ತಾರೆ.

ಮೊದಲ ಕೂಟದಲ್ಲಿ ಅಭಿಪ್ರಾಯ ಬೇಡ, ದಾಖಲೆ ಮಾತ್ರ. ಯುರೋಪಿನ ಆ ಸನ್ಯಾಸ ಸಭೆಗಳಲ್ಲಿ ಒಂದಾದ ಯೇಸುಸಭೆಯ (ಜೆಸ್ವಿತರ) ಎರಡನೇ ಮಹಾಮುಖ್ಯಸ್ಥ ಡಿಯೆಗೊ ಲೈನೆಸ್ ಯೆಹೂದಿ ಮೂಲದ ಮನೆತನದವರು. ಅದೇ ಸಭೆ 1593ರಲ್ಲಿ ಯೆಹೂದಿ ಅಥವಾ ಮುಸ್ಲಿಂ ಪೂರ್ವಜರಿದ್ದವರಿಗೆ ಪ್ರವೇಶ ನಿಷೇಧಿಸಿತು. 1608ರಲ್ಲಿ ವಂಶ ಶೋಧವನ್ನು ಐದು ತಲೆಮಾರಿಗೆ ಮಿತಿಗೊಳಿಸಿತು. ನಿಯಮ ಪೂರ್ತಿ ರದ್ದಾದದ್ದು 1946ರಲ್ಲಿ.

ಇಲ್ಲಿ ಒಬ್ಬರಾದರೂ "ಆ ಕಾಲವೇ ಹಾಗಿತ್ತು" ಎನ್ನುತ್ತಾರೆ. ಉತ್ತರ ಕೈಯಲ್ಲಿರಲಿ. ಗೋವಾದಲ್ಲಿ ಗುರುದೀಕ್ಷೆ ಸಿಗದ ಮತೆವುಸ್ ದ ಕಾಸ್ತ್ರೊ ರೋಮಿಗೆ ಹೋಗಿ ದೀಕ್ಷೆ ಪಡೆದು 1637ರಲ್ಲಿ ಬಿಷಪರೇ ಆದರು. 1659ರಲ್ಲಿ ರೋಮಿನ ಧರ್ಮಪ್ರಸಾರ ಕಾರ್ಯಾಲಯ, ಏಷ್ಯಾಕ್ಕೆ ಹೊರಟ ಬಿಷಪರಿಗೆ ಸ್ಥಳೀಯ ಗುರುಗಳನ್ನು ತಯಾರು ಮಾಡಿ ಎಂದು ಬರೆದುಕೊಟ್ಟಿತು. ತಪ್ಪನ್ನು ತಪ್ಪೆಂದವರು ಆ ಕಾಲದಲ್ಲೇ, ಧರ್ಮಸಭೆಯೊಳಗೇ ಇದ್ದರು. ವಿಶ್ವಾಸ ಉಳಿಸಿಕೊಳ್ಳಲು ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಕಂಡಿಲ್ಲ. "ನಿಯಮ ಮನುಷ್ಯರದ್ದು, ಬೋಧನೆ ದೇವರದ್ದು" ಎಂದು ಕೈತೊಳೆದುಕೊಳ್ಳುವುದು ಸಲೀಸು. ಆದರೆ ಆ ನಿಯಮವನ್ನು ಪಾಲಿಸಿದವರು ಅದನ್ನೂ ದೇವರ ಚಿತ್ತವೆಂದೇ ನಂಬಿದ್ದರು.

ಎರಡನೇ ಕೂಟ ಪವಿತ್ರ ಗ್ರಂಥಕ್ಕೆ. ಕ್ರಿಸ್ತನಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಎಂಬ ಭೇದವಿಲ್ಲ ಎನ್ನುವ ಗಲಾತ್ಯ 3:28 ಎಲ್ಲರಿಗೂ ಗೊತ್ತು, ಓದಿ ತಲೆಯಾಡಿಸಿ ಮುಗಿಸುತ್ತಾರೆ. ಅದಕ್ಕಿಂತ ಯಾಕೋಬನ ಪತ್ರದ ಎರಡನೇ ಅಧ್ಯಾಯದ ಮೊದಲ ನಾಲ್ಕು ವಚನ ತೆಗೆಯಿರಿ. ಚಿನ್ನದುಂಗುರದವನು ಬಂದರೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ "ಅಲ್ಲಿ ನಿಲ್ಲು". ಹಬ್ಬದ ದಿನ ನಮ್ಮ ಇಗರ್ಜಿಯ ಮುಂದಿನ ಬೆಂಚು ಯಾರದ್ದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಮೂರನೆಯದು ನಮ್ಮ ಊರಿನ ಕೂಟ, ಎಡವುವುದೂ ಇಲ್ಲೇ. ಮಾತು ಪೋರ್ಚುಗೀಸರ ಮೇಲೆ ಹೋಗಿಬಿಡುತ್ತದೆ, ಬಾಮಣ, ಚಾರೊಡಿ, ಸುದಿರ್, ಗಾವ್ಡಿ ಎಂಬ ನಮ್ಮೊಳಗಿನ ಜಾತಿ ಲೆಕ್ಕ ಹಿಂದೆ ಸರಿಯುತ್ತದೆ. ಹಾಗಾಗಿ ಕೈಗೆ ಸಿಗುವ ಕಾಗದಗಳನ್ನು ಮೇಜಿನ ಮೇಲಿಡಿ: ಹಳೆಯ ಸ್ಮರಣ ಸಂಚಿಕೆಗಳು, ಗುರ್ಕಾರರ (ವಾಳೆಯ ಮುಖಂಡರ) ಪಟ್ಟಿ, ಪತ್ರಿಕೆಗಳ ವಧು-ವರ ಜಾಹೀರಾತು. ಜಾಹೀರಾತಿನಲ್ಲಿ ಜಾತಿ ಕೇಳಿದ್ದಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯ ಪ್ರತಿ ಇರಲಿ. ಆದರೆ ಹಾಜರಿದ್ದವರನ್ನು ಜಾತಿ ಹೇಳಿಕೊಳ್ಳಿ ಎಂದು ಕೇಳಬೇಡಿ. ಅದು ಹಳೆಯ ಗಾಯಕ್ಕೇ ಕೈಹಾಕಿದಂತೆ.

ಜನವರಿ 16ರ ವಾಜರ ಹಬ್ಬಕ್ಕೆ ಮುಂಚೆ ಮೂರೂ ಕೂಟ ಮುಗಿದರೆ, ಆ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಗೆ ಎರಡು ಬಿನ್ನಹ ಬರೆಯಬಹುದು: ಬಣ್ಣ ನೋಡಿ ಸಭೆ ಹೊರಗಿಟ್ಟವರಿಗಾಗಿ ಒಂದು, ಜಾತಿ ನೋಡಿ ನಾವು ಹೊರಗಿಟ್ಟವರಿಗಾಗಿ ಇನ್ನೊಂದು. "ತಾರತಮ್ಯಕ್ಕೆ ಒಳಗಾದ ಎಲ್ಲರಿಗಾಗಿ" ಎಂದು ಎರಡನ್ನೂ ಸೇರಿಸಿ ತೇಲಿಸಬೇಡಿ. ಕರಡನ್ನು ವಾರ ಮೊದಲೇ ವಿಗಾರರಿಗೆ (ಧರ್ಮಕೇಂದ್ರದ ಗುರುಗಳಿಗೆ) ತೋರಿಸಿ.