ಪಾಸ್ ಎಂದು ಬರೆದಿತ್ತು

ಹೆಣ್ಣಿನ ತಂದೆ ಮಾನಿಟರ್ ಕಡೆಗೆ ಬಾಗಿ, ಕನ್ನಡಕವನ್ನು ಹಣೆಗೆ ಏರಿಸಿ ಕೇಳಿದರು: "ನನ್ನ ಮುಖ ಇಲ್ಲಿದೆ. ಕೈ ಎಲ್ಲಿ ಹೋಯಿತು?"

ಅದು ಧಾರೆಯ ಫೋಟೋ. ಮೇಲರ್ಧದಲ್ಲಿ ಮದುಮಗನ ಪೇಟ, ಹೆಣ್ಣಿನ ಬಾಸಿಂಗ, ಈ ಮನುಷ್ಯನ ತುಂಬಿದ ಕಣ್ಣು ಎಲ್ಲವೂ ಚೊಕ್ಕಟವಾಗಿದ್ದವು. ಎದೆಯ ಮಟ್ಟದಿಂದ ಕೆಳಗೆ ಇಡೀ ಚಿತ್ರ ಗೇಣುದ್ದ ಎಡಕ್ಕೆ ಜಾರಿ, ಗುಲಾಬಿ ಮತ್ತು ಹಸಿರಿನ ಪಟ್ಟಿಗಳಾಗಿ ಹೋಗಿತ್ತು. ಗಿಂಡಿಯಿಂದ ಹೊರಟ ಹಾಲಿನ ಎಳೆ ನಡುವೆ ತುಂಡಾಗಿ, ಉಳಿದರ್ಧ ಪುರೋಹಿತರ ತೊಡೆಯ ಮೇಲೆ ಬೀಳುತ್ತಿತ್ತು. ಬೇರೆ ಯಾರದಾದರೂ ಫೋಟೋ ಆಗಿದ್ದರೆ ನಗು ಬರುತ್ತಿತ್ತೇನೋ. ಸ್ಟುಡಿಯೋ ಮಾಲೀಕರು ಅವರಿಗೆ ಉತ್ತರ ಕೊಡಲಿಲ್ಲ, ತಿರುಗಿ ನನ್ನನ್ನು ನೋಡಿದರು. ಎಂಟು ದಿನದ ಹಿಂದೆ ಅದೇ ಕುರ್ಚಿಯಲ್ಲಿ ಕುಳಿತು, "ಹಾರ್ಡ್‌ಡಿಸ್ಕ್ ಹೋಗಿದೆ ಅಣ್ಣ, ಬೇರೇನೂ ತೊಂದರೆ ಇಲ್ಲ" ಎಂದು ಹೇಳಿದವನು ನಾನೇ.

ತುಮಕೂರಿನಲ್ಲಿ ಹಾರ್ಡ್‌ವೇರ್ ಸರ್ವಿಸ್ ಮಾಡಿಕೊಂಡು ಹನ್ನೊಂದು ವರ್ಷವಾಯಿತು. ಏಪ್ರಿಲ್, ಮೇ ಎಂದರೆ ಸ್ಟುಡಿಯೋಗಳಿಗೆ ಲಗ್ನದ ಕಾಲ, ನಮಗೆ ಸ್ಟುಡಿಯೋಗಳ ಕಾಲ. ಈ ಸ್ಟುಡಿಯೋ ನಮ್ಮಲ್ಲಿ ಎಎಂಸಿ (ವಾರ್ಷಿಕ ದುರಸ್ತಿ ಒಪ್ಪಂದ) ಹಾಕಿಸಿತ್ತು. ಮೊದಲ ಕಾಲ್ ಬಂದದ್ದು ಫೋಟೋಶಾಪ್ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ ಎಂದು. ಜೊತೆಗೆ ದಿನಕ್ಕೆ ಒಂದೆರಡು ಬಾರಿ ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ, ಅದರಲ್ಲೂ ಪ್ರತಿ ಸಲ ಬೇರೆ ಬೇರೆ ದೋಷದ ಕೋಡ್. ಒಂದೇ ಕೋಡ್ ಮತ್ತೆ ಮತ್ತೆ ಬಂದರೆ ಸಾಮಾನ್ಯವಾಗಿ ಯಾವುದೋ ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಮೇಲೆ ಅನುಮಾನ ಹೋಗುತ್ತದೆ, ಕೋಡ್ ದಿನಕ್ಕೊಂದಾದರೆ ಮೊದಲು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್ ನೋಡಬೇಕು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಕ್ಯಾಬಿನೆಟ್ ಬಿಚ್ಚಿ ಎರಡೂ ರ‍್ಯಾಮ್ ಸ್ಟಿಕ್ ತೆಗೆದೆ, ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ, ಸ್ಲಾಟಿನ ದೂಳು ಊದಿ ಮತ್ತೆ ಕೂರಿಸಿದೆ. ಆನ್ ಆಯಿತು. ಮೂವತ್ತೈದು ನಿಮಿಷದಲ್ಲಿ ಕಾಲ್ ಕ್ಲೋಸ್.

ಎರಡು ದಿನ ತೊಂದರೆ ಇರಲಿಲ್ಲ. ರಬ್ಬರಿನ ಮಹಿಮೆ ಎಂದುಕೊಂಡೆ. ಆ ಎರಡು ದಿನ ಸ್ಟುಡಿಯೋದವರು ಹೊರಗೆ ಮದುವೆ ಶೂಟಿಂಗಿನಲ್ಲಿದ್ದರು, ಕಂಪ್ಯೂಟರ್ ಮೇಲೆ ಭಾರವೇ ಬಿದ್ದಿರಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳುವ ಬುದ್ಧಿ ನನಗೆ ಬರಲಿಲ್ಲ.

ಎರಡನೆಯ ಕಾಲ್‌ನಲ್ಲಿ ಫೋಟೋಗಳೇ ಕೆಡುತ್ತಿವೆ ಎಂಬ ದೂರು. ಈ ಸಲ ವಿಂಡೋಸ್‌ನೊಳಗೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿದೆ. ಎಫ್1 ಒತ್ತಿದರೆ ಬೇಸಿಕ್, ಸ್ಟ್ಯಾಂಡರ್ಡ್, ಎಕ್ಸ್‌ಟೆಂಡೆಡ್ ಎಂದು ಆಯ್ಕೆ ಕೊಡುತ್ತದೆ. ನಾನು ಒತ್ತಲಿಲ್ಲ, ಅದು ತಾನಾಗಿ ಮಾಡುವ ಸ್ಟ್ಯಾಂಡರ್ಡ್ ಪರೀಕ್ಷೆಗೇ ಬಿಟ್ಟೆ. ಅದೂ ಕ್ಯಾಬಿನೆಟ್ಟನ್ನು ಮೇಜಿನ ಕೆಳಗಿನ ಕಪಾಟಿನಿಂದ ಹೊರಗೆಳೆದು, ಪಕ್ಕದ ಮುಚ್ಚಳ ತೆಗೆದು, ಫ್ಯಾನಿನ ಕೆಳಗಿಟ್ಟು. ದೋಷ ಕಂಡುಬಂದಿಲ್ಲ ಎಂದಿತು. ಆಮೇಲೆ ಐದು ವರ್ಷ ಹಳೆಯ ಹಾರ್ಡ್‌ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ಲೆಕ್ಕ, ತೆರೆದರೆ ನಾಲ್ಕಾರು ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದರಿಂದ ಬದಲಿ ಜಾಗಕ್ಕೆ ಸರಿಸಿದ ತುಣುಕುಗಳು) ಕಂಡವು. ಕಳ್ಳ ಸಿಕ್ಕಿಬಿದ್ದ ಎನ್ನುವಷ್ಟು ಸಂತೋಷವಾಯಿತು ನನಗೆ.

ಎಡಿಟಿಂಗ್ ಮಾಡುವ ಹುಡುಗಿ ಆಗ ಒಂದು ಮಾತು ಹೇಳಿದಳು. "ಸರ್, ನಿನ್ನೆ ಕೆಟ್ಟಿದ್ದ ಒಂದು ಫೋಟೋ ಇವತ್ತು ಬೆಳಿಗ್ಗೆ ಸರಿಯಾಗಿ ತೆರೆದುಕೊಂಡಿತು."

ನಾನು ನಕ್ಕು, "ನೀವು ಬೇರೆ ಫೋಟೋ ನೋಡಿರುತ್ತೀರಿ" ಎಂದೆ.

ಇಡೀ ಪ್ರಕರಣದಲ್ಲಿ ನನಗೆ ಈಗಲೂ ಚುಚ್ಚುವುದು ಈ ಒಂದು ಸಾಲು. ಡಿಸ್ಕಿನ ಮೇಲೆ ಕೆಟ್ಟ ಫೋಟೋ ರಾತ್ರಿ ಮಲಗಿ ಬೆಳಿಗ್ಗೆ ವಾಸಿಯಾಗಿ ಏಳುವುದಿಲ್ಲ. ಡಿಸ್ಕಿನಲ್ಲಿ ಅದು ನೆಟ್ಟಗೇ ಇತ್ತು. ತೆರೆಯುವಾಗ ರ‍್ಯಾಮಿಗೆ ಬಂದು ಅಲ್ಲಿ ಕೆಡುತ್ತಿತ್ತು, ಕಂಪ್ಯೂಟರ್ ಆರಿಸಿ ಹಚ್ಚಿದರೆ ಬೇರೆ ಜಾಗಕ್ಕೆ ಬಂದು ಕೂತು ಚೆನ್ನಾಗಿ ಕಾಣುತ್ತಿತ್ತು. ಉತ್ತರವನ್ನು ಆ ಹುಡುಗಿ ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು. ಹನ್ನೊಂದು ವರ್ಷದ ಅನುಭವ ಅದನ್ನು ಪಕ್ಕಕ್ಕೆ ಸರಿಸಿತು.

ಮುಂದೆ ಮಾಡಿದ್ದು ಇನ್ನೂ ಘನಕಾರ್ಯ. ಹೊಸ ಡಿಸ್ಕ್ ತರಿಸಿ, ಅದೇ ಕಂಪ್ಯೂಟರಿಗೆ ಜೋಡಿಸಿ, ಹಳೆಯ ಡಿಸ್ಕಿನ ಅಷ್ಟೂ ಮಾಲನ್ನು ರಾತ್ರಿಯೆಲ್ಲ ಕಾಪಿಗೆ ಹಾಕಿದೆ. ವಿಂಡೋಸ್ ಕಾಪಿ ಮಾಡುವಾಗ ಮಾಹಿತಿ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ, ಬರೆದ ಮೇಲೆ ಮೂಲದೊಂದಿಗೆ ತಾಳೆ ನೋಡುವ ಪದ್ಧತಿ ಅದಕ್ಕಿಲ್ಲ. ಅಲ್ಲಿಯವರೆಗೆ ತೆರೆದಾಗ ಮಾತ್ರ ಕೆಡುತ್ತಿದ್ದ ಫೋಟೋಗಳನ್ನು ನಾನು ಶಾಶ್ವತವಾಗಿ ಕೆಡಿಸಿ ಹೊಸ ಡಿಸ್ಕಿಗೆ ಬರೆದುಕೊಟ್ಟೆ. ಬೆಳಿಗ್ಗೆ ಎಲ್ಲವೂ ಬಂದಿದೆ ಎಂದೆ. ಫೈಲುಗಳ ಲೆಕ್ಕ ಸರಿಯಿತ್ತು, ಅದು ಸುಳ್ಳಲ್ಲ. ಮಾಲೀಕರು ನನ್ನ ಮಾತು ನಂಬಿ ಕ್ಯಾಮೆರಾ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಿಸಿ ಮುಂದಿನ ಮದುವೆಗೆ ಕಳಿಸಿದರು. ಹಳೆಯ ಡಿಸ್ಕನ್ನು ಎಸೆಯಲು ಮನಸ್ಸಾಗದೆ ಅಂಗಡಿಯ ಸಿಸಿಟಿವಿ ಪೆಟ್ಟಿಗೆಗೆ ಹಾಕಿಸಿಕೊಂಡರು. ಅದು ಮೂಲ ಫೋಟೋಗಳ ಮೇಲೆ ನಿಷ್ಠೆಯಿಂದ ಬಿ.ಎಚ್. ರಸ್ತೆಯ ಸಂಚಾರವನ್ನು ಬರೆದುಕೊಳ್ಳುತ್ತಾ ಹೋಯಿತು. ನಾನು ಸಾಯುತ್ತಿದೆ ಎಂದು ಘೋಷಿಸಿದ ಆ ಡಿಸ್ಕ್ ಇವತ್ತಿಗೂ ಅಲ್ಲಿ ಓಡುತ್ತಿದೆ.

ಮೂರನೆಯ ಕಾಲ್ ಸಂಜೆ ಐದಕ್ಕೆ. ಆಲ್ಬಂ ಬೆಂಗಳೂರಿನ ಲ್ಯಾಬಿಗೆ ಹೋಗಬೇಕಾದ ದಿನ. ಹೆಣ್ಣಿನ ತಂದೆ ಫೋಟೋ ಆರಿಸಲು ಬಂದು ಕುಳಿತಿದ್ದರು. ಅವರ ಕೈ ಎಲ್ಲಿ ಹೋಯಿತು ಎಂಬ ಪ್ರಶ್ನೆಯ ನಂತರ ನನಗೆ ಆ ಹುಡುಗಿಯ ಮಾತು ನೆನಪಾಯಿತು. ಮದುವೆಯ 28 ಜಿಬಿಯ ಒಂದು ವಿಡಿಯೋ ಫೈಲ್ ಇತ್ತು. ಕಮಾಂಡ್ ಕಿಟಕಿ ತೆರೆದು ವಿಂಡೋಸಿನದೇ ಆದ ಸರ್ಟ್‌ಯುಟಿಲ್‌ನಿಂದ ಅದರ ಹ್ಯಾಶ್, ಅಂದರೆ ಫೈಲ್ ಬದಲಾಗದಿದ್ದರೆ ತಾನೂ ಬದಲಾಗದ ಬೆರಳಚ್ಚಿನಂಥ ಸಂಖ್ಯೆ, ತೆಗೆದೆ. ಮತ್ತೊಮ್ಮೆ ತೆಗೆದೆ. ಮಗದೊಮ್ಮೆ ತೆಗೆದೆ. ಯಾರೂ ಮುಟ್ಟದ ಒಂದೇ ಫೈಲ್, ಮೂರು ಸಲಕ್ಕೆ ಮೂರು ಉತ್ತರ. ಹೊಟ್ಟೆಯೊಳಗೆ ಏನೋ ಕಳಚಿಕೊಂಡ ಹಾಗಾಯಿತು.

ಬ್ಯಾಗಿನ ತಳದಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಇದ್ದ ಪೆನ್‌ಡ್ರೈವ್ ತೆಗೆದೆ. ಇದರ ಮೂಲ ತಂತ್ರಾಂಶ 1994ರದು, 2004ರಲ್ಲಿ ಕವಲೊಡೆದು ಈ ಪ್ಲಸ್ ಹುಟ್ಟಿತು, 2022ರಲ್ಲಿ ಹೊಸ ಕಂಪ್ಯೂಟರುಗಳಿಗೂ ಹೊಂದುವಂತೆ ತಿದ್ದಿ ಬರೆದರು. ಒಂದು ಕಾಸೂ ಕೊಡಬೇಕಿಲ್ಲ. ವಿಂಡೋಸ್ ಎಬ್ಬಿಸದೆ ನೇರವಾಗಿ ಓಡುವುದರಿಂದ ಹೆಚ್ಚುಕಡಿಮೆ ಪೂರ್ತಿ ರ‍್ಯಾಮ್ ಅದರ ಕೈಗೆ ಸಿಗುತ್ತದೆ. ನಮ್ಮ ಕಂಪನಿ ದುಡ್ಡು ಕೊಟ್ಟು ತರಿಸಿದ ಆ್ಯಪ್‌ನಲ್ಲೂ "ರ‍್ಯಾಮ್ ಪರೀಕ್ಷಿಸಲಾಗಿದೆಯೇ" ಎಂಬ ಒಂದು ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ಸಾಕು, ಪರೀಕ್ಷಿಸಬೇಕೆಂದೇನೂ ಇಲ್ಲ. ಒಂದು ಕಾಲ್‌ಗೆ 45 ನಿಮಿಷ ದಾಟಿದರೆ ಆ್ಯಪ್ ಕೆಂಪಾಗಿ ಮೇಲಿನವರಿಗೆ ದೂರು ಹೋಗುತ್ತದೆ. ಎರಡು 8 ಜಿಬಿ ಸ್ಟಿಕ್‌ಗಳ ಆ ಯಂತ್ರದಲ್ಲಿ ಮೆಮ್‌ಟೆಸ್ಟ್‌ನ ಮೊದಲ ಸುತ್ತಿಗೇ ಮುಕ್ಕಾಲು ಗಂಟೆ ಬೇಕಾಯಿತು. ಈ ಎರಡನ್ನೂ ಹೊಂದಿಸುವವರು ಯಾರಾದರೂ ಇದ್ದರೆ ನನಗೂ ಹೇಳಿಕೊಡಲಿ.

ಈ ಸಲ ಕ್ಯಾಬಿನೆಟ್ಟನ್ನು ಅದರ ಕಪಾಟಿನಲ್ಲೇ ಬಿಟ್ಟು, ಬಾಗಿಲು ಮುಚ್ಚಿ, ಎಸಿ ಆರಿಸಿದೆ. ದಿನನಿತ್ಯ ಅದು ಕೆಲಸ ಮಾಡುವುದು ಆ ಸೆಕೆಯಲ್ಲೇ ತಾನೆ. ಮೆಮ್‌ಟೆಸ್ಟ್‌ನ ನೀಲಿ ಪರದೆಯ ಮೇಲೆ ಪರೀಕ್ಷೆಗಳ ಹೆಸರು ಒಂದೊಂದಾಗಿ ಸರಿದವು. ಎಲ್ಲ ಜಾಗಕ್ಕೂ ಒಂದು ನಮೂನೆ ಬರೆಯುವುದು, ಓದಿ ನೋಡುವುದು, ತಿರುವುಮುರುವು ಮಾಡಿ ಬರೆಯುವುದು, ಮತ್ತೆ ಓದುವುದು. ಮೂವರೂ ಸುಮ್ಮನೆ ಕುಳಿತು ನೋಡಿದೆವು. ಹೆಣ್ಣಿನ ತಂದೆ, "ಇದು ಇಸಿಜಿ ಇದ್ದ ಹಾಗೆಯೇ?" ಎಂದರು. ಹೌದೆಂದೆ.

ಮೊದಲ ಸುತ್ತು ಮುಗಿದೊಡನೆ ಪರದೆಯ ನಡುವೆ ದಪ್ಪ ಹಸಿರು ಅಕ್ಷರದಲ್ಲಿ ಪಾಸ್ ಎಂದು ಬಂತು.

ಮಾಲೀಕರು ಎದ್ದು ನಿಂತರು. "ಪಾಸ್ ಎಂದು ಬರೆದಿದೆಯಲ್ಲಪ್ಪಾ. ಇನ್ನೇನು?" ಫೋನಿನಲ್ಲಿ ಆ್ಯಪ್ ಕೆಂಪಾಗಿತ್ತು, ಮ್ಯಾನೇಜರರ ಎರಡು ಮಿಸ್ಡ್ ಕಾಲ್ ಇದ್ದವು. ಪೆನ್‌ಡ್ರೈವ್ ಕೀಳಲು ನಾನು ಕೈ ಚಾಚಿದ್ದೂ ನಿಜ. ಮೊದಲ ಸುತ್ತಿನಲ್ಲಿ ಅದು ಪ್ರತಿ ಪರೀಕ್ಷೆಯನ್ನೂ ಕಡಿಮೆ ಬಾರಿ ಮಾಡಿ ಬೇಗ ಮುಗಿಸುತ್ತದೆ, ನಿಜವಾದ ಗುದ್ದಾಟ ಎರಡನೆಯದರಿಂದ. ಅದು ಗೊತ್ತಿದ್ದೂ ಕೈ ಹೋಯಿತು. ತಡೆದದ್ದು ನನ್ನ ಜಾಣತನವಲ್ಲ, ಆ ಹೊತ್ತಿಗೆ ಸರಿಯಾಗಿ ಬಂದ ಚಹಾ. "ಕುಡಿದು ನೋಡೋಣ ಅಣ್ಣ" ಎಂದೆ.

ಎರಡನೆಯ ಸುತ್ತು. ಚಹಾ ಮುಗಿಯಿತು, ಎಂಟೂವರೆಯಾಯಿತು, ಅಂಗಿ ಬೆನ್ನಿಗೆ ಅಂಟಿತು. ಹೆಣ್ಣಿನ ತಂದೆ ಊಟಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರು. ಎಂಟನೆಯ ಪರೀಕ್ಷೆಯಲ್ಲಿ, ಅಂಕೆಗಳನ್ನು ಯಾದೃಚ್ಛಿಕವಾಗಿ ತುಂಬುವ ಹಂತದಲ್ಲಿ, ಕೆಳಗೆ ಒಂದು ದೋಷದ ಸಾಲು ಬಂತು. ಒಂದೇ ಒಂದು. ಬರೆದದ್ದು ಹಾಗೂ ಓದಿದ್ದು ಅಕ್ಕಪಕ್ಕ. ಬೆರಳಿಟ್ಟು ಒಂದೊಂದೇ ಅಕ್ಷರ ತಾಳೆ ನೋಡಿದೆ. ಎಫ್ ಇರಬೇಕಾದ ಒಂದು ಕಡೆ ಡಿ ಇತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಎಫ್ ಎಂದರೆ 1111, ಡಿ ಎಂದರೆ 1101. ಒಂದು ಬಿಟ್ 1 ಹೋಗಿ ಸೊನ್ನೆಯಾಗಿತ್ತು. ನಾನು ನೋಡುತ್ತಿರುವಂತೆಯೇ ಎರಡನೆಯ ಸಾಲು ಬಂತು, ಅದೇ ಜಾಗದ ಅದೇ ಬಿಟ್. ಆಮೇಲೆ ಹನ್ನೆರಡು.

"ಇಷ್ಟೇನಾ?" ಎಂದರು ಮಾಲೀಕರು. "ಒಂದು ಅಂಕೆಗೆ ಅರ್ಧ ಫೋಟೋ ಹೋಗುತ್ತದೆಯೇ?"

ಖಾತೆ ಪುಸ್ತಕದ ಲೆಕ್ಕದಲ್ಲಿ ಹೇಳಿದೆ. ಜೆಪೆಗ್ ಎಂಬ ಫೈಲ್ ನಮೂನೆ ಫೋಟೋವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಬರೆಯುತ್ತದೆ. ಪ್ರತಿ ಚೌಕದ ಬೆಳಕು ಮತ್ತು ಬಣ್ಣವನ್ನು ಪೂರ್ತಿ ಬರೆಯದೆ, ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಬರೆದುಕೊಳ್ಳುತ್ತದೆ. ಮೂರನೆಯ ಪುಟದಲ್ಲಿ ಶಿಲ್ಕು ತಪ್ಪಿದರೆ ಆಮೇಲಿನ ಪುಟಗಳೆಲ್ಲ ತಪ್ಪುತ್ತಾ ಹೋಗುವುದಿಲ್ಲವೇ? ಹಾಗೆ. ಕೆಟ್ಟ ಬಿಟ್ ಬಂದ ಕಡೆಯಿಂದ ಕೆಳಗೆ ಬಣ್ಣ ಬೇರೆ, ಜಾಗ ಬೇರೆ. ಅವರು ಹಳೆಯ ಕಾಲದ ವ್ಯಾಪಾರಸ್ಥರು, ತಕ್ಷಣ ಅರ್ಥವಾಯಿತು. ಅರ್ಥವಾದ ಮೇಲೆ ಅವರು ಮಾತನಾಡದೆ ಕುಳಿತದ್ದು ಬೈಗುಳಕ್ಕಿಂತ ಭಾರವಾಗಿತ್ತು.

ಒಂದು ಸ್ಟಿಕ್ ತೆಗೆದು ಇನ್ನೊಂದನ್ನು ಮಾತ್ರ ಓಡಿಸಿ, ಮತ್ತೆ ಸ್ಲಾಟ್ ಬದಲಿಸಿ ಓಡಿಸಿ, ಬೆಳಗಿನ ಜಾವ ಮೂರಕ್ಕೆ ಖಚಿತವಾಯಿತು. ಸ್ಲಾಟಿನದು ತಪ್ಪಿಲ್ಲ. ಕಂಪ್ಯೂಟರಿನ ಜೊತೆ ಬಂದ ಸ್ಟಿಕ್ ಎಷ್ಟು ಸುತ್ತಿಗೂ ಅಲುಗಲಿಲ್ಲ. ಕೆಟ್ಟದ್ದು, ಹಿಂದಿನ ವರ್ಷ "ವೇಗ ಸಾಲದು" ಎಂದಾಗ ನಾನೇ ತಂದು ಹಾಕಿದ್ದು. ಹಾಕಿದ ದಿನ ಪರೀಕ್ಷಿಸಿರಲಿಲ್ಲ. ಆನ್ ಆಗಿತ್ತು, 16 ಜಿಬಿ ಎಂದು ತೋರಿಸಿತ್ತು, ಚೌಕಕ್ಕೆ ಟಿಕ್ ಹಾಕಿದ್ದೆ.

ಎರಡನೆಯ ಕ್ಯಾಮೆರಾದ ಹುಡುಗನ ಕಾರ್ಡ್ ಅದೃಷ್ಟಕ್ಕೆ ಫಾರ್ಮ್ಯಾಟ್ ಆಗಿರಲಿಲ್ಲ. ಉಳಿದ ಕಾರ್ಡುಗಳಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಅಳಿಸಿದ ಫೋಟೋ ಹುಡುಕಿ ತೆಗೆಯುವ ಫೋಟೋರೆಕ್ ಓಡಿಸಿದೆ. ಕೆಲವು ಸಿಕ್ಕವು, ಕೆಲವುಗಳ ಮೇಲೆ ಆಗಲೇ ಬೇರೆಯವರ ಆರತಕ್ಷತೆ ಕುಳಿತಿತ್ತು. ಕೊನೆಗೆ ಈ ಮದುವೆಯಲ್ಲಿ ವಾಪಸ್ಸು ಬರದೇ ಉಳಿದವು ಇಪ್ಪತ್ತಮೂರು ಫೋಟೋ. ಧಾರೆಯದು ಅವುಗಳಲ್ಲಿ ಒಂದು. ಎಡಿಟಿಂಗ್ ಹುಡುಗಿ ಅದರ ಮೇಲರ್ಧವನ್ನು ಮಾತ್ರ ಕತ್ತರಿಸಿ, ಅಪ್ಪ ಮಗಳ ಮುಖವನ್ನು ಇಡೀ ಪುಟಕ್ಕೆ ಹಿಗ್ಗಿಸಿ ಹಾಕಿದಳು. ಆಲ್ಬಂನಲ್ಲಿ ಅದೇ ಚೆನ್ನಾಗಿದೆ ಎಂದರಂತೆ ಹೆಣ್ಣಿನ ತಂದೆ. ಅವರು ದೊಡ್ಡ ಮನಸ್ಸಿನವರು.

ಕಂಪನಿಯಲ್ಲಿ ಮೀಟಿಂಗ್ ಆಯಿತು. ಸ್ಟಿಕ್‌ಗೆ ವಾರಂಟಿ ಇತ್ತು, ಆದರೆ ಸೀರಿಯಲ್ ನಂಬರ್ ಇರುವ ಬಿಲ್ ಇಲ್ಲದೆ ಅಗ್ಗಕ್ಕೆ ಕೊಂಡದ್ದರಿಂದ ತಯಾರಕರಿಗೆ ಮರಳಿಸಿ ಬದಲಿ ಪಡೆಯುವ ಆರ್‌ಎಂಎ ಆಗಲಿಲ್ಲ. ಅದರ ಬೆಲೆ ನನ್ನ ಇನ್ಸೆಂಟಿವ್‌ನಲ್ಲಿ ಹೋಯಿತು, ಬಿಲ್ಲಿಲ್ಲದೆ ಕೊಂಡವರದು ಏನೂ ಹೋಗಲಿಲ್ಲ. 45 ನಿಮಿಷದ ನಿಯಮ ಹಾಗೆಯೇ ಇದೆ. ನಾನು ಮಾತ್ರ ಈಗ ಅನುಮಾನವಿದ್ದರೆ ಯಂತ್ರವನ್ನು ಅಂಗಡಿಗೆ ತಂದು ರಾತ್ರಿಯೆಲ್ಲ ಓಡಲು ಬಿಡುತ್ತೇನೆ, ಒಂದೇ ಒಂದು ದೋಷದ ಸಾಲು ಬಂದರೂ ಸ್ಟಿಕ್ ಹೊರಗೆ. ಅದು ಮುಗಿಯುವವರೆಗೆ ಗಿರಾಕಿಯ ಒಂದು ಫೈಲನ್ನೂ ಆ ಯಂತ್ರದಲ್ಲಿ ಕಾಪಿ ಮಾಡುವುದಿಲ್ಲ. ಕರೆಂಟ್ ಬಿಲ್ ಬಗ್ಗೆ ಮ್ಯಾನೇಜರರು ಎರಡು ಸಲ ವಿಚಾರಿಸಿದ್ದಾರೆ.

ಕೆಟ್ಟ ಸ್ಟಿಕ್ ನನ್ನ ಡ್ರಾಯರಿನಲ್ಲೇ ಬಿದ್ದಿತ್ತು. ಕಳೆದ ತಿಂಗಳು ಹೊಸದಾಗಿ ಸೇರಿದ ಹುಡುಗ ಅದನ್ನು ಕೈಯಲ್ಲಿ ಹಿಡಿದು ಬಂದ. ಯಾವುದೋ ಕಿರಾಣಿ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ ಬೇಕಿತ್ತಂತೆ.

"ಸರ್, ಇದು ಸುಮ್ಮನೆ ಬಿದ್ದಿದೆ. ರಬ್ಬರ್ ಹಾಕಿ ಉಜ್ಜಿದೆ, ವಿಂಡೋಸ್‌ನಲ್ಲಿ ಟೆಸ್ಟ್ ಕೂಡ ಮಾಡಿದೆ. ಪಾಸ್."

ಕೈ ಚಾಚಿ ಇಸಿದುಕೊಂಡೆ. ಇಕ್ಕಳ ತರಲು ಹೇಳಿದೆ. ಎರಡು ತುಂಡು ಮಾಡಿ ಬುಟ್ಟಿಗೆ ಹಾಕುವಾಗ ಅವನು, ಎಂಟು ಜಿಬಿ ಸರ್, ಎಂಟು ಜಿಬಿ ಎನ್ನುತ್ತಲೇ ಇದ್ದ.