ಸ್ಪೋರ್ ಆಗುವ ಮುಂಚಿನ ಲೆಕ್ಕಾಚಾರ

ಎಂಎಸ್ಸಿ ಲ್ಯಾಬಿನಲ್ಲಿ ಮೊದಲ ಸಲ ಸ್ಪೋರ್ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಲೈಡಿಗೆ ಮ್ಯಾಲಕೈಟ್ ಗ್ರೀನ್ ಅನ್ನುವ ಹಸಿರು ಬಣ್ಣ ಹಾಕಿ, ಹಬೆಯಲ್ಲಿ ಬಿಸಿ ಮಾಡಿ, ನೀರಲ್ಲಿ ತೊಳೆದು, ಆಮೇಲೆ ಸ್ಯಾಫ್ರನಿನ್ ಅನ್ನುವ ಕೆಂಪು ಬಣ್ಣ ಹಾಕಿದೆ. ಫೋಕಸ್ ಕೂತಾಗ ಕೆಂಪು ಕಡ್ಡಿಗಳು, ಎಷ್ಟೋ ಕಡ್ಡಿಗಳ ಒಳಗೆ ಒಂದೊಂದು ಹಸಿರು ಚುಕ್ಕೆ. ಆ ಚುಕ್ಕೆಯೇ ಸ್ಪೋರ್, ಅಂದರೆ ಊಟ ಸಿಗದ ಕಾಲ ಕಳೆಯಲು ಬ್ಯಾಕ್ಟೀರಿಯಾ ತಾಳುವ, ಗಟ್ಟಿ ಕವಚದ ನಿದ್ದೆಯ ರೂಪ.

ಅದು ಬ್ಯಾಸಿಲಸ್ ಸಬ್ಟಿಲಿಸ್, ಮಣ್ಣಿನಲ್ಲಿ ಎಲ್ಲೆಲ್ಲೂ ಇರುವ ಬ್ಯಾಕ್ಟೀರಿಯಾ. ಸುತ್ತಲಿನ ಆಹಾರ ಖಾಲಿಯಾದ ತಕ್ಷಣ ಅದು ಸ್ಪೋರ್ ಆಗಿಬಿಡುವುದಿಲ್ಲ. ಆ ಕೆಲಸಕ್ಕೆ ಏಳೆಂಟು ಗಂಟೆ ಬೇಕು, ಒಂದು ಹಂತ ದಾಟಿದ ಮೇಲೆ ವಾಪಸ್ ಬರುವ ಹಾಗೂ ಇಲ್ಲ. ಅದಕ್ಕೇ ತೀರ್ಮಾನ ನಿಧಾನ.

ತೀರ್ಮಾನ ಸ್ಪೋ-ಝೀರೋ-ಎ ಅನ್ನುವ ಪ್ರೋಟೀನಿನದು. ಅದಕ್ಕೊಂದು ಫಾಸ್ಫೇಟ್ (ರಂಜಕ ಇರುವ ಪುಟ್ಟ ರಾಸಾಯನಿಕ ತುಣುಕು) ಅಂಟಿದರೆ ಮಾತ್ರ ಕೆಲಸ ಶುರು. ಆದರೆ ಆ ಫಾಸ್ಫೇಟ್ ನೇರವಾಗಿ ಬರುವುದಿಲ್ಲ. ತಾರಸಿ ಹಾಕುವಾಗ ಕಾಂಕ್ರೀಟ್ ಬಾಂಡಲಿ ಕೈಯಿಂದ ಕೈಗೆ ಹೋಗುತ್ತದಲ್ಲ, ಹಾಗೆ ಕಿನ್-ಎ ಥರದ, ಫಾಸ್ಫೇಟ್ ಅಂಟಿಸುವ ಪ್ರೋಟೀನಾದ ಕೈನೇಸ್‌ನಿಂದ ಸ್ಪೋ-ಝೀರೋ-ಎಫ್‌ಗೆ, ಅಲ್ಲಿಂದ ಬಿ-ಗೆ, ಕೊನೆಗೆ ಎ-ಗೆ. ನಡುವೆ ಬಾಂಡಲಿ ಕಿತ್ತುಕೊಳ್ಳುವವರೂ ಇದ್ದಾರೆ: ರ‍್ಯಾಪ್ ಪ್ರೋಟೀನುಗಳು ಎಫ್‌ನಿಂದ ಫಾಸ್ಫೇಟ್ ತೆಗೆದುಬಿಡುತ್ತವೆ. ಡಿಎನ್ಎ ನಕಲು ಮಾಡುವಲ್ಲಿ ಏನಾದರೂ ಎಡವಟ್ಟಾದರೆ ಎಸ್‌ಡಿಎ ಅನ್ನುವ ಪುಟ್ಟ ಪ್ರೋಟೀನು ಕಿನ್-ಎಯನ್ನೇ ತಡೆಯುತ್ತದೆ. ಇಷ್ಟೊಂದು ಕೈ ಯಾಕೆ ಅಂದರೆ, ಪ್ರತಿ ಕೈಯಲ್ಲೂ ಬೇಡ ಅನ್ನಲು ಒಂದು ಅವಕಾಶ ಇದೆ, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಮುಂದಿನ ಭಾಗ. ಫಾಸ್ಫೇಟ್ ಅಂಟಿದ ಎರಡೆರಡು ಎ ಜೋಡಿಯಾಗಿ ಡಿಎನ್ಎ ಮೇಲೆ ಕೂರುತ್ತವೆ. ಕೆಲವು ಜಾಗ ಅವನ್ನು ಗಟ್ಟಿಯಾಗಿ ಹಿಡಿಯುತ್ತವೆ, ಅಲ್ಲಿ ಸ್ವಲ್ಪ ಇದ್ದರೂ ಸಾಕು. ಆಗ ಪಕ್ಕದ ಸೋದರ ಜೀವಕೋಶಗಳನ್ನೇ ವಿಷ ಹಾಕಿ ಕೊಂದು ತಿನ್ನುವ ಜೀನುಗಳು ತೆರೆಯುತ್ತವೆ, ಇನ್ನೂ ಸ್ವಲ್ಪ ಹೊತ್ತು ತಳ್ಳಲು. ಸ್ಪೋರ್ ಕಟ್ಟುವ ಜೀನುಗಳ ಹಿಡಿತ ಸಡಿಲ, ಅವುಗಳಿಗೆ ತುಂಬಾ ಬೇಕು. 2005ರಲ್ಲಿ ಫುಜಿತಾ ಮತ್ತು ಲೋಸಿಕ್ ಅನ್ನುವ ವಿಜ್ಞಾನಿಗಳು ತೋರಿಸಿದ್ದು ಇದನ್ನೇ: ಸದಾ ಆನ್ ಆಗಿರುವ ಎ-ಯನ್ನು ಒಮ್ಮೆಲೇ ಕೊಟ್ಟರೆ ಸ್ಪೋರ್ ಸರಿಯಾಗಿ ಆಗುವುದಿಲ್ಲ, ಮೆಲ್ಲಗೆ ಏರಬೇಕು.

ಆಮೇಲೆ ಕಡ್ಡಿಯ ಒಂದು ತುದಿಯಲ್ಲಿ ಗೋಡೆ ಏಳುತ್ತದೆ. ಚಿಕ್ಕ ಕೋಣೆಗೆ ಮೊದಲು ಸಿಗುವುದು ಮೂರನೇ ಒಂದು ಭಾಗದಷ್ಟು ಡಿಎನ್ಎ, ಉಳಿದದ್ದನ್ನು ಗೋಡೆಯಲ್ಲಿರುವ ಪಂಪು ಒಳಗೆ ಎಳೆಯುತ್ತದೆ. ಜೀನು ಆನ್ ಮಾಡುವ ಪ್ರೋಟೀನು ಚಿಕ್ಕ ಕೋಣೆಯಲ್ಲಿ ಸಿಗ್ಮಾ-ಎಫ್, ದೊಡ್ಡದರಲ್ಲಿ ಸಿಗ್ಮಾ-ಇ, ಹೀಗೆ ಎರಡೂ ಕಡೆ ಬೇರೆ ಬೇರೆ ಜೀನು ಕೆಲಸ ಮಾಡುತ್ತವೆ. ದೊಡ್ಡ ಕೋಣೆ ಚಿಕ್ಕದನ್ನು ನುಂಗಿ, ಅದಕ್ಕೆ ಕವಚದ ಮೇಲೆ ಕವಚ ಹೊದಿಸಿ, ಕೊನೆಗೆ ತಾನು ಒಡೆದುಹೋಗುತ್ತದೆ. ನನ್ನ ಸ್ಲೈಡಿನ ಮೂಲೆಯಲ್ಲಿ ಕೆಂಪಿನ ಗುರುತೇ ಇಲ್ಲದೆ ಒಂಟಿಯಾಗಿ ಬಿದ್ದಿದ್ದ ಹಸಿರು ಚುಕ್ಕೆಗಳು ಹೀಗೆ ಹೊರಬಂದ ಸ್ಪೋರುಗಳೇ.